ಗೋಡೆಗೆ ಮುಖ ಮಾಡಿದ ಹೆಸರು

ಪೆಲಾಗಿಯಾ ತನ್ನದೇ ಮನೆಯ ಅಡುಗೆಕೋಣೆಗೆ ಬಾಗಿಲು ತಟ್ಟಿಯೇ ಹೋಗುವವಳು. ನಲವತ್ತೇಳು ವರ್ಷದಿಂದ ಹಾಗೇ. ಕೈಯಲ್ಲಿ ಹಾಲಿನ ಕ್ಯಾನಿರಲಿ, ಸೌದೆಯ ಹೊರೆಯಿರಲಿ, ಬೆರಳ ಗೆಣ್ಣಿನಿಂದ ಎರಡು ಸಲ ಟಕ್ ಟಕ್ ಎನಿಸಿ, ಒಂದು ಗಳಿಗೆ ನಿಂತು, ಆಮೇಲೆ ಒಳಗೆ. ಒಳಗೆ ಯಾರೂ ಇರುತ್ತಿರಲಿಲ್ಲ. ಮಗಳು ರೆಗಿನಾ ಚಿಕ್ಕವಳಿದ್ದಾಗ ಎಲ್ಲರ ಮನೆಯಲ್ಲೂ ಹೀಗೇ ಮಾಡುತ್ತಾರೆ ಅಂದುಕೊಂಡಿದ್ದಳು. ಶಾಲೆಗೆ ಸೇರಿದ ಮೇಲೆ ಗೊತ್ತಾಯಿತು, ಇಲ್ಲ, ನಮ್ಮನೆಯಲ್ಲಿ ಮಾತ್ರ. ಹೋಗಲಿ ಬಿಡು ಎಂದು ಅವಳೂ ತಟ್ಟುತ್ತ ಬಂದಳು. ಈಗ ಅವಳಿಗೆ ನಲವತ್ತನಾಲ್ಕು. ಮದುವೆಯಾಗಲಿಲ್ಲ, ಅಮ್ಮನ ಜೊತೆಗೇ ಉಳಿದಳು.

ಹಾಗೆ ನೋಡಿದರೆ ಪೋಲೆಂಡಿನ ಪಡುವಣದ ಈ ಯಾವೊರೆಕ್ ಹಳ್ಳಿಯಲ್ಲಿ ಯಾರ ಮನೆ ತಾನೇ ಅವರದ್ದು? ಯುದ್ಧ ಮುಗಿದ ಮೇಲೆ ಗಡಿ ಸರಿದು, ಇಲ್ಲಿದ್ದ ಜರ್ಮನರನ್ನು ಪಡುವಣಕ್ಕೆ ಓಡಿಸಿದರು, ಮೂಡಣದಲ್ಲಿ ಮನೆ ಕಳಕೊಂಡ ನಮ್ಮ ಪೋಲಿಷ್ ಜನರನ್ನು ದನದ ಬೋಗಿಗಳಲ್ಲಿ ತಂದು ಇಲ್ಲಿ ಸುರಿದರು. ಒಲೆಯ ಬೂದಿ ಇನ್ನೂ ಬೆಚ್ಚಗಿದ್ದ ಮನೆಗಳಿಗೆ ನುಗ್ಗಿ ಸಂಸಾರ ಹೂಡಿದೆವು. ಮಂಚ, ಬೀರು, ಸೌಟು, ಬೆಕ್ಕು ಎಲ್ಲವೂ ಅವರು ಬಿಟ್ಟುಹೋದದ್ದು. ಊರಿನಲ್ಲಿ ಅದಕ್ಕೊಂದು ಮಾತೇ ಇದೆ: "ಬಿಟ್ಟದ್ದು." ಈ ಮೇಜು ಎಲ್ಲಿಂದ ತಂದೆ ಅಂದರೆ, "ತರೋದೆಲ್ಲಿಂದ, ಬಿಟ್ಟದ್ದು" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಪೆಲಾಗಿಯಾಳ ಅಡುಗೆಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಚಾಕುವಿನಿಂದ ಕೊರೆದ ಗೆರೆಗಳಿದ್ದವು. ಯಾರೋ ತಮ್ಮ ಮಕ್ಕಳು ಬೆಳೆದ ಎತ್ತರವನ್ನು ವರ್ಷ ವರ್ಷ ಗುರುತು ಮಾಡಿದ್ದು. ಒಂದು ಸಾಲಿನ ಪಕ್ಕ 'ಐ' ಎಂಬ ಅಕ್ಷರ, ಇನ್ನೊಂದರ ಪಕ್ಕ 'ಜಿ'. ಪ್ರತಿ ಈಸ್ಟರಿಗೆ ಮುಂಚೆ ಪೆಲಾಗಿಯಾ ಅದಕ್ಕೆ ಬಣ್ಣ ಬಳಿಯುತ್ತಿದ್ದಳು, ಬೇಸಿಗೆ ಬರುವಷ್ಟರಲ್ಲಿ ಗೆರೆಗಳು ಮತ್ತೆ ಎದ್ದು ಕಾಣುತ್ತಿದ್ದವು. 'ಜಿ' ಸಾಲು ಈಗಿನ ರೆಗಿನಾಳ ಸೊಂಟದ ಹತ್ತಿರವೇ ನಿಂತುಹೋಗಿತ್ತು. ಐದು ತುಂಬುವ ಮುಂಚೆ ಅವಳು ಆ ಕೊನೆಯ ಗೆರೆಗಿಂತ ಎತ್ತರವಾದ ದಿನ ಅಪ್ಪ ಕೈತಟ್ಟಿ ನಕ್ಕಿದ್ದ, ಅಮ್ಮ ಎದ್ದು ಹೊರಗೆ ಹೋಗಿದ್ದಳು.

ಮತ್ತೆ ಆ ಹೆಜ್ಜೆ ಸದ್ದು. ಅದನ್ನು ಹೇಳದೆ ಇದ್ದರೆ ಈ ಮನೆಯ ಕಥೆ ಹೇಳಿದಂತಾಗಲಿಲ್ಲ. ಮಹಡಿ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಚಿಕ್ಕ ಮಗು ಇಳಿದು ಬಂದಂತೆ ಸದ್ದು. ಹಗಲು ಹೊತ್ತಿನಲ್ಲೇ ಬರುತ್ತಿತ್ತು, ಹೆಚ್ಚಾಗಿ ಮಧ್ಯಾಹ್ನ ಸಾರು ಕುದಿಯುವಾಗ. ನಾಲ್ಕು ಮೆಟ್ಟಿಲು ಇಳಿಯುವುದು, ನಿಲ್ಲುವುದು. ರೆಗಿನಾ ಮರ ಒಣಗಿ ಬಿರಿಯುತ್ತದೆ ಅಂದುಕೊಳ್ಳುತ್ತಿದ್ದಳು. ಅಂದುಕೊಂಡರೂ ಮೈ ಜುಮ್ಮೆನ್ನುವುದು ತಪ್ಪುತ್ತಿರಲಿಲ್ಲ. ಪೆಲಾಗಿಯಾ ಮಾತ್ರ ತಲೆಯೆತ್ತಿ, "ಇರು, ಬಿಸಿ ಇದೆ" ಅನ್ನುತ್ತಿದ್ದಳು, ಯಾರಿಗೆಂದು ಹೇಳುತ್ತಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತೆರಡರ ಅಕ್ಟೋಬರ್. ಒಂದು ಗುರುವಾರ ಅಂಚೆಯವನು ಹ್ಯಾಂಬರ್ಗ್‌ನಿಂದ ಬಂದ ಲಕೋಟೆ ಕೊಟ್ಟುಹೋದ. ಕಾಗದ ಇಂಗ್ಲಿಷಿನಲ್ಲಿತ್ತು. ಬರೆದ ಹೆಂಗಸಿಗೆ ಪೋಲಿಷ್ ಬಾರದು, ಇವರಿಗೆ ಜರ್ಮನ್ ಬಾರದು, ಇಬ್ಬರಿಗೂ ಅಷ್ಟಿಷ್ಟು ಇಂಗ್ಲಿಷ್ ಬಂದೀತು ಎಂಬ ನಂಬಿಕೆ ಆಕೆಯದು. ರೆಗಿನಾಳ ಇಂಗ್ಲಿಷ್ ಕಥೆ ಏನು ಹೇಳಲಿ! ಇಪ್ಪತ್ತು ವರ್ಷ ಶಾಲೆಯಲ್ಲಿ ರಷ್ಯನ್ ಕಲಿಸಿದವಳು. ಸರ್ಕಾರ ಬದಲಾಯಿತು, ರಷ್ಯನ್ ಯಾರಿಗೂ ಬೇಡವಾಯಿತು, ಇನ್ನು ಮೇಲೆ ಇಂಗ್ಲಿಷ್ ಕಲಿಸಿ ಅಂದರು. ಪುಸ್ತಕ ತಂದು, ಮಕ್ಕಳಿಗಿಂತ ಒಂದು ಪಾಠ ಮುಂದೆ ಓದಿಕೊಂಡು, ಅದನ್ನೇ ಮಾರನೆಯ ದಿನ ಕಲಿಸುವುದು. ಶನಿವಾರ ಮಧ್ಯಾಹ್ನ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಊರಿನ ದೊಡ್ಡವರಿಗೂ ಅದೇ ಪಾಠ.

ನಿಘಂಟು ಇಟ್ಟುಕೊಂಡು ಒಂದೊಂದೇ ಸಾಲು ಬಿಡಿಸಿ ಅಮ್ಮನಿಗೆ ಓದಿ ಹೇಳಿದಳು. "ನನ್ನ ಹೆಸರು ಇಂಗೆಬೋರ್ಗ್. ನಾನು ಹುಟ್ಟಿದ್ದು ನಿಮ್ಮ ಮನೆಯಲ್ಲಿ. ಹೆದರಬೇಡಿ, ನಾನು ಮನೆ ಕೇಳಲು ಬರುತ್ತಿಲ್ಲ, ಮನೆ ನಿಮ್ಮದು. ಈ ಭಾನುವಾರ ಹನ್ನೊಂದಕ್ಕೆ ಬರುತ್ತೇನೆ. ನನ್ನ ತಂಗಿ ಗಿಸೆಲಾಳ ಸಮಾಧಿ ನೋಡಬೇಕು. ನಮ್ಮ ತಾಯಿ ಈ ವಸಂತದಲ್ಲಿ ತೀರಿಕೊಂಡರು. ಪೆಲಾಗಿಯಾ ಎಂಬ ಪೋಲಿಷ್ ಹೆಂಗಸು ಮಗುವನ್ನು ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದಾಳೆ ಅಂತ ಕೊನೆಯವರೆಗೂ ಹೇಳುತ್ತಿದ್ದರು. ಸಾಧ್ಯವಾದರೆ ತಂಗಿಯನ್ನು ತಾಯಿಯ ಪಕ್ಕಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ."

ರೆಗಿನಾ ಕಾಗದ ಮಡಿಚಿದಳು. ಎಲ್ಲಿಯ ಸಮಾಧಿ? ಜರ್ಮನರ ಹಳೆಯ ಸ್ಮಶಾನದ ಮೇಲೆ ಎಪ್ಪತ್ತನಾಲ್ಕರಲ್ಲೇ ಬುಲ್ಡೋಜರ್ ಹರಿದಿತ್ತು. ಅಲ್ಲೀಗ ಫುಟ್‌ಬಾಲ್ ಮೈದಾನ. ಅವಳೇ ಎಷ್ಟೋ ಸಲ ಶಾಲೆಯ ಮಕ್ಕಳನ್ನು ಸಾಲು ಮಾಡಿಸಿ ಆಡಿಸಲು ಕರೆದೊಯ್ದಿದ್ದಳು.

ಪೆಲಾಗಿಯಾ ಆಲೂಗಡ್ಡೆ ಹೆರೆಯುತ್ತಿದ್ದಳು. ಚಾಕು ನಿಂತಿತು.

"ಕೊಡಲ್ಲ" ಅಂದಳು.

"ಮನೆ ಕೇಳ್ತಿಲ್ಲಮ್ಮ ಅವಳು. ಬೇಡ ಅಂತ ಬರ್ದಿದಾಳೆ."

"ಮನೆ ಯಾರಿಗೇ ಬೇಕಾಗಿತ್ತು! ಗಿಸೆಲಾನ ಕೊಡಲ್ಲ ಅಂದೆ. ಬರ್ಬೇಡ ಅಂತ ಬರೆದು ಹಾಕು."

"ಇವತ್ತು ಗುರುವಾರ. ಕಾಗದ ಅಲ್ಲಿಗೆ ಮುಟ್ಟೋ ಹೊತ್ತಿಗೆ ಅವಳು ಬಂದು ಹೋಗಿರ್ತಾಳೆ. ಅಮ್ಮಾ, ಕೊಡೋಕೆ ಏನಿದೆ? ಅಲ್ಲಿ ಗೋಲು ಕಂಬ ಇದೆ."

ಪೆಲಾಗಿಯಾ ಹೆರೆದದ್ದನ್ನೇ ಮತ್ತೆ ಹೆರೆಯುತ್ತ ಕೂತಳು, ಆಲೂಗಡ್ಡೆ ಗೋಲಿ ಗಾತ್ರಕ್ಕೆ ಬಂತು.

ಶನಿವಾರದ ಪಾಠ ಮೊದಲೇ ಗೊತ್ತಾಗಿದ್ದದ್ದು: ಯಾವ ವಸ್ತು ಯಾರದು ಎಂದು ಇಂಗ್ಲಿಷಿನಲ್ಲಿ ಹೇಳುವುದು. ಮನೆಯಿಂದ ಒಂದೊಂದು ವಸ್ತು ತನ್ನಿ ಅಂತ ಹಿಂದಿನ ವಾರವೇ ಹೇಳಿದ್ದಳು. ಒಂಬತ್ತು ಜನ ಬಂದಿದ್ದರು. ಅಗ್ನಿಶಾಮಕ ಬಂಡಿಯ ಎಣ್ಣೆ ವಾಸನೆಯ ಆ ಹಾಲ್‌ನಲ್ಲಿ, ಹೆಲ್ಮೆಟ್‌ಗಳ ಸಾಲಿನ ಕೆಳಗೆ, ಉದ್ದ ಮೇಜಿನ ಮೇಲೆ ಸಾಮಾನು ಹರಡಿದರು. ರೆಗಿನಾ ಬೋರ್ಡಿನ ಮೇಲೆ ಬರೆದಳು. ಹೆಸರಿನ ಕೊನೆಗೆ ಮೇಲೊಂದು ಕೊಕ್ಕೆ, ಪಕ್ಕದಲ್ಲೊಂದು 'ಎಸ್', ಆಮೇಲೆ ವಸ್ತು. ಒಡೆಯರು ಹಲವರಾಗಿದ್ದು ಹೆಸರೇ 'ಎಸ್'ನಲ್ಲಿ ಮುಗಿದರೆ ಬರೀ ಕೊಕ್ಕೆ ಸಾಕು. ಹೆಸರು ಬೇಡವಾದರೆ ವಸ್ತುವಿನ ಮುಂದೆ 'ಮೈ', 'ಯುವರ್', 'ಹಿಸ್', 'ಹರ್'. ವಸ್ತುವನ್ನೇ ಬಾಯಿಬಿಟ್ಟು ಹೇಳದಿದ್ದರೆ 'ಮೈನ್', 'ಯುವರ್ಸ್', 'ಹರ್ಸ್', 'ದೇರ್ಸ್'.

"ನಮ್ಮ ಪೋಲಿಷಲ್ಲಿ ಎಲ್ಲಾದಕ್ಕೂ ತನ್ನದು ಅಂತ ಒಂದೇ ಮಾತು ಹಾಕಿದ್ರೆ ಮುಗೀತು. ನಾನು ತನ್ನ ಟೋಪಿ ಹಾಕ್ಕೊಂಡೆ, ನೀನು ತನ್ನ ಟೋಪಿ ಹಾಕ್ಕೊಂಡೆ. ಇವರದ್ದು ಹಾಗಲ್ಲ" ಅಂದಳು. "ಪ್ರತಿ ಸಲ ಯಾರದು ಅಂತ ಹೇಳ್ಲೇಬೇಕು."

"ಅನುಮಾನದ ಜನ ಕಣ್ರೀ ಟೀಚರಮ್ಮ" ಅಂದ ಚೆಸ್ವಾವ್. ಅಗ್ನಿಶಾಮಕ ಬಂಡಿಯ ಚಾಲಕ, ಐವತ್ತು ದಾಟಿದವನು, ಬಾಯಿ ತೆರೆದರೆ ತಮಾಷೆ. ಅವನು ತಂದದ್ದು ಕಾಫಿ ಬೀಜ ಅರೆಯುವ ಕೈಗಿರಣಿ. ಎದ್ದು ನಿಂತು, ಸೈನಿಕನ ಹಾಗೆ ಎದೆಯುಬ್ಬಿಸಿ, "ಮೈ ಮಿಲ್!" ಅಂದ.

"ನಿಂದು ಹೆಂಗಾಯ್ತೋ?" ಬ್ರೆಡ್ ಅಂಗಡಿಯ ಸಬಿನಾ ಬಿಡಲಿಲ್ಲ. "ನಿಮ್ಮಪ್ಪಂದಲ್ವಾ ಅದು?"

"ಸರಿ ಮಾರಾಯ್ತಿ. ಮೈ ಫಾದರ್ಸ್ ಮಿಲ್."

"ನಿಮ್ಮಪ್ಪ ಎಲ್ಲಿಂದ ತಂದ?"

ಚೆಸ್ವಾವ್ ಗಿರಣಿ ತಿರುಗಿಸಿ ತೋರಿಸಿದ. ತಳದಲ್ಲಿ ಬಿಸಿ ಕಬ್ಬಿಣದಿಂದ ಸುಟ್ಟು ಬರೆದ ಜರ್ಮನ್ ಹೆಸರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. "ಈಗ ನಿಂದು ತೋರ್ಸು ನೋಡಣ" ಅಂದ. ಸಬಿನಾ ಮಡಿಚಿದ ಬಿಳಿ ಮೇಜುಬಟ್ಟೆ ತಂದಿದ್ದಳು. ಮೂಲೆಯಲ್ಲಿ ನೀಲಿ ದಾರದ ಎರಡು ಅಕ್ಷರ. "ಇದು ನಮ್ಮಜ್ಜೀದು. ಅವರೇ ಕಸೂತಿ ಹಾಕಿದ್ದು" ಅಂದಳು ಗಂಭೀರವಾಗಿ.

"ಇ, ಕೆ. ನಿಮ್ಮಜ್ಜಿ ಹೆಸರು ವಾಂದಾ ಅಲ್ವೇನೇ?"

ಮತ್ತೆ ನಗು ಎದ್ದಿತು. ಆದರೆ ಈ ಸಲ ಅರ್ಧಕ್ಕೇ ನಿಂತಿತು, ಯಾಕೆಂದರೆ ಸಬಿನಾ ನಗಲಿಲ್ಲ. ನಲವತ್ತು ವರ್ಷ ಎಲ್ಲರಿಗೂ ಹೇಳಿ ಹೇಳಿ ಅವಳೇ ನಂಬಿಬಿಟ್ಟಿದ್ದಳು. ಬಟ್ಟೆಯನ್ನು ಮುಟ್ಟಿ ನೋಡಿ, ಕೈ ಹಿಂದಕ್ಕೆಳೆದುಕೊಂಡಳು. ಮೇಜಿನ ಮೇಲೆ ಒಂಬತ್ತು ವಸ್ತು: ಗಡಿಯಾರ, ಇಕ್ಕಳ, ಉಪ್ಪಿನ ಜಾಡಿ, ಮಕ್ಕಳ ಸ್ಕೇಟು. ನೋಡುತ್ತ ನೋಡುತ್ತ ಹಾಲ್ ತಣ್ಣಗಾಯಿತು. ಯಾರೋ ಬಂದು ಬೆನ್ನ ಹಿಂದೆ ನಿಂತು ತಮ್ಮ ಸಾಮಾನು ಯಾವುದೆಂದು ಹುಡುಕುತ್ತಿದ್ದಾರೇನೋ ಅನ್ನಿಸಿ ರೆಗಿನಾ ನಿಜವಾಗಿ ತಿರುಗಿ ನೋಡಿದಳು. ಪಾಠ ಮುಗಿದ ಮೇಲೆ ಯಾರೂ ತಮ್ಮ ತಮ್ಮದನ್ನು ಮೊದಲು ಎತ್ತಿಕೊಳ್ಳಲು ಮುಂದೆ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ, ಕಳ್ಳರ ಹಾಗೆ ಚೀಲಕ್ಕೆ ಹಾಕಿಕೊಂಡು ಹೋದರು.

ಚೆಸ್ವಾವ್ ಮಾತ್ರ ಕುರ್ಚಿ ಜೋಡಿಸುವ ನೆಪದಲ್ಲಿ ಉಳಿದ.

"ನಾಳೆ ಆ ಜರ್ಮನ್ ಹೆಂಗಸು ಬರ್ತಾಳಂತೆ. ಊರಲ್ಲೆಲ್ಲ ಅದೇ ಮಾತು. ಏನೂ ಇಲ್ಲ, ಎಲ್ಲಾ ಹೋಯ್ತು ಅಂತ ಹೇಳಿ ಕಳ್ಸಿಬಿಡಿ ಟೀಚರಮ್ಮ. ಮೈದಾನ ತೋರ್ಸಿ, ಒಂದು ಮೇಣದ ಬತ್ತಿ ಹಚ್ಚಿ ಹೋಗ್ತಾಳೆ."

"ಹಾಗೇ ಹೇಳ್ತೀನಿ. ಅದಕ್ಕೆ ನಿಮಗ್ಯಾಕೆ ಇಷ್ಟು ಸಂಕಟ?"

"ನಂಗೇನು ಸಂಕಟ? ನಾನೇನ್ ಮಾಡಿದೀನಿ? ನಾನ್ ಬರೀ ಗುದ್ದಲಿ ಹಿಡ್ಕೊಂಡಿದ್ದೆ ಅಷ್ಟೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರೆಗಿನಾ ಅವನನ್ನೇ ದಿಟ್ಟಿಸಿದಳು. "ನಿಮ್ಮಮ್ಮನ್ನ ಕೇಳಿ" ಎಂದು ಟೋಪಿ ಎಳೆದುಕೊಂಡು ಹೋಗಿಬಿಟ್ಟ.

ಮನೆಗೆ ಬಂದಾಗ ಪೆಲಾಗಿಯಾ ಮಹಡಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ಬಾಚಣಿಗೆ. ತನ್ನ ತಲೆ ಬಾಚಿಕೊಂಡಿರಲಿಲ್ಲ.

"ಅಮ್ಮಾ, ಚೆಸ್ವಾವ್ ಗುದ್ದಲಿ ಹಿಡ್ಕೊಂಡು ಏನ್ ಮಾಡ್ದ?"

ಪೆಲಾಗಿಯಾ ಸುಳ್ಳು ಹೇಳುವ ಶಕ್ತಿಯೂ ಇಲ್ಲದವಳ ಹಾಗೆ ಶುರು ಮಾಡಿದಳು.

"ನಾವು ಬಂದಾಗ ಈ ಮನೇಲಿ ಮಾತ್ರ ಅವರು ಇನ್ನೂ ಇದ್ರು. ಒಂದು ವರ್ಷ ಒಂದೇ ಸೂರಿನಡಿ ಇದ್ವಿ. ಅವರು ಅಡುಗೆಕೋಣೇಲಿ, ನಾವು ಮೇಲೆ. ನೀರಿಗೆ ಬಂದ್ರೂ ನಾನು ಬಾಗಿಲು ತಟ್ಟಿ ಬರ್ತಿದ್ದೆ. ಅವರ ಮನೆ ಅಲ್ವೇನೇ? ಆ ತಾಯಿಗೆ ಟೈಫಸ್ ಬಂತು. ದೊಡ್ಡವಳನ್ನ ಅಜ್ಜ ನೋಡ್ಕೊಂಡ. ಚಿಕ್ಕವಳು, ಗಿಸೆಲಾ, ನಾಲ್ಕು ತುಂಬಿತ್ತು, ಮಹಡಿ ಹತ್ಕೊಂಡು ನನ್ನತ್ರ ಬಂದ್ಳು. ನನ್ನ ಮಗ್ಗುಲು ಖಾಲಿ ಇತ್ತು. ಬಂದು ಮಲಗಿದ್ಳು. ಜನವರೀಲಿ ಅವಳಿಗೂ ಬಂತು ಜ್ವರ. ನನ್ನ ಹಾಸಿಗೇಲೇ ಹೋದ್ಳು ಕಣೇ. ಅವಳ ಭಾಷೆ ನಂಗೆ ಬರ್ತಿರ್ಲಿಲ್ಲ, ನಂದು ಅವಳಿಗೆ ಬರ್ತಿರ್ಲಿಲ್ಲ. ಆದ್ರೂ ರಾತ್ರಿಯಿಡೀ ಮಾತಾಡಿದ್ವಿ."

ಆ ಅಜ್ಜ ಊರಿನ ಕಲ್ಲುಕುಟಿಗ. ಅಂಗಳದಲ್ಲಿ ಅವನು ಕಲ್ಲು ಕೆತ್ತುವ ಕೊಟ್ಟಿಗೆಯಿತ್ತು. ಮೊಮ್ಮಗಳ ಸಮಾಧಿ ಕಲ್ಲನ್ನು ತಾನೇ ಕಡೆದ. ಪಕ್ಕದಲ್ಲಿ ಉಳಿ ಹಿಡಿದು ಕೊಡಲು ನಿಂತವನು ಪೆಲಾಗಿಯಾಳ ಗಂಡ ಫ್ಲೋರಿಯಾನ್. ಆವರೆಗೆ ಗಾಡಿ ಹೊಡೆಯುತ್ತಿದ್ದವನು, ಕಸುಬು ಕಲಿತದ್ದು ಆ ಕಲ್ಲಿನ ಮೇಲೆ. ಬೇಸಿಗೆಯಲ್ಲಿ ಜರ್ಮನರಿಗೆ ಹೊರಡಿ ಅಂತ ಆಜ್ಞೆ ಬಂತು, ಒಂದು ಗಂಟೆ ಗಡುವು, ಕೈಗೊಂದು ಗಂಟು. ಆ ತಾಯಿ ಪೆಲಾಗಿಯಾಳ ಎರಡೂ ಕೈ ಹಿಡಿದು, ಗುಡ್ಡದ ಮೇಲಿನ ಸ್ಮಶಾನದ ಕಡೆ ತೋರಿಸಿದಳು. ಪೆಲಾಗಿಯಾ ಎದೆ ಮುಟ್ಟಿಕೊಂಡು ತಲೆಯಾಡಿಸಿದಳು. ಮಾತು ಕೊಟ್ಟದ್ದು ಅಷ್ಟೇ, ಬಾಯಲ್ಲಿ ಆಡಿದ್ದಲ್ಲ.

ಆಮೇಲೆ ಕಲ್ಲಿನ ಕೊಟ್ಟಿಗೆ ಫ್ಲೋರಿಯಾನನದಾಯಿತು. ಹೊಸ ಕಲ್ಲು ಸಿಗದ ಕಾಲ. ಊರವರು ಸತ್ತರೆ ಅವನು ಜರ್ಮನರ ಸಮಾಧಿ ಕಲ್ಲು ತಂದು, ಹಳೆಯ ಹೆಸರು ಕೆತ್ತಿ ತೆಗೆದು, ಹಾಗೆ ಆಗದಿದ್ದರೆ ಹಿಂದುಮುಂದು ತಿರುಗಿಸಿ, ನುಣುಪಾದ ಕಡೆಗೆ ನಮ್ಮವರ ಹೆಸರು ಬರೆಯುತ್ತಿದ್ದ. ಇದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಚರ್ಚಿನ ಸ್ಮಶಾನದಲ್ಲಿ ಅರ್ಧದಷ್ಟು ಕಲ್ಲುಗಳು ಹಾಗೆ ಮಗ್ಗುಲು ಬದಲಿಸಿದವೇ. ಗಿಸೆಲಾಳ ಕಲ್ಲನ್ನು ಮಾತ್ರ ಮುಟ್ಟಲು ಪೆಲಾಗಿಯಾ ಬಿಟ್ಟಿರಲಿಲ್ಲ.

"ಎಪ್ಪತ್ತನಾಲ್ಕರಲ್ಲಿ ನಿಮ್ಮಪ್ಪ ಹಾಸಿಗೆ ಹಿಡ್ದ. ಅದೇ ತಿಂಗಳು ಸ್ಮಶಾನ ಕೆಡವ್ತಾರೆ, ಕಲ್ಲೆಲ್ಲಾ ಜಲ್ಲಿ ಮಾಡ್ತಾರೆ ಅಂತ ಸುದ್ದಿ. ನಿಮ್ಮಪ್ಪ ಅಂದ, ತಗೊಂಡ್ ಬಾ ಅವಳ ಕಲ್ಲನ್ನ, ಹಿಂದ್ಗಡೆ ನನ್ನ ಹೆಸರು ಬರೀತೀನಿ, ಆಗ ಯಾವನೂ ಮುಟ್ಟಲ್ಲ. ಕೈ ನಡುಗ್ತಾ ಇತ್ತು, ಆದ್ರೂ ಬರ್ದ. ಜೊತೆಗೆ ನನ್ನ ಹೆಸರೂ ಬರ್ದ, ಸತ್ತ ವರ್ಷಕ್ಕೆ ಜಾಗ ಬಿಟ್ಟ. ಅವನು ಹೋದ. ಅವನಿಗೆ ಗುಂಡಿ ತೆಗೆದ ಬೆಳಗ್ಗೆ, ಮಂಜು ಇತ್ತು, ಮುಂದಿನ ಮನುಷ್ಯ ಕಾಣ್ತಿರ್ಲಿಲ್ಲ, ನಾನೂ ಚೆಸ್ವಾವೂ ಹೋಗಿ ಆ ಚಿಕ್ಕ ಪೆಟ್ಟಿಗೇನ ತಂದ್ವಿ. ಪೆಟ್ಟಿಗೆ ಏನಿತ್ತು ಬಿಡು... ಉಳಿದದ್ದನ್ನ. ನಿಮ್ಮಪ್ಪನ ಕಾಲ ಹತ್ರ ಇಟ್ವಿ."

ರೆಗಿನಾ ಗೋಡೆ ಹಿಡಿದು ಕೂತಳು. ಹದಿನೆಂಟು ವರ್ಷದಿಂದ ಸತ್ತವರಿಗೆ ದೀಪ ಹಚ್ಚುವ ಸಂತರ ಹಬ್ಬಕ್ಕೆ ಮುಂಚೆ ಆ ಕಲ್ಲನ್ನು ಉಜ್ಜಿ ತೊಳೆದವಳು ಅವಳು. ಕಲ್ಲು ಸ್ಮಶಾನದ ಗೋಡೆಗೆ ಬೆನ್ನು ಹಚ್ಚಿ ನಿಂತಿತ್ತು, ನಡುವೆ ಎರಡು ಬೆರಳು ಸಂದು. "ಹಿಂದಿನದು ನಂಗೆ ಬಿಡು" ಅಂತ ಅಮ್ಮ ಉದ್ದ ಕೋಲಿನ ಬ್ರಷ್ ತೂರಿಸುತ್ತಿದ್ದಳು. ಅಪ್ಪನ ಅಕ್ಷರ ಸೊಟ್ಟಗಿದೆ, ಊರಿಗೆಲ್ಲ ನೆಟ್ಟಗೆ ಬರೆದವನು ತನ್ನದನ್ನು ಸೊಟ್ಟ ಬರೆದ ಅಂತ ಜನ ನಗುತ್ತಿದ್ದರು. ಹೇಳಬಾರದಿತ್ತಾ ಅಮ್ಮ ಎಂದು ಸಿಟ್ಟು ಬಂತು, ಅಳುವೂ ಬಂತು.

"ಮಾತು ಉಳಿಸ್ಕೊಂಡಿದೀಯಲ್ಲ, ಮತ್ತೆ ಹೇಳೋಕೇನಮ್ಮ ಭಯ?"

"ಹೇಳಿದ್ರೆ ಕರ್ಕೊಂಡು ಹೋಗ್ತಾಳೆ."

ಮೇಲೆ ಮೆಟ್ಟಿಲ ಮೇಲೆ ಸದ್ದಾಯಿತು. ಒಂದು, ಎರಡು, ಮೂರು, ನಾಲ್ಕು. ರೆಗಿನಾ ಇವತ್ತು ಮರ ಬಿರಿಯಿತು ಅಂದುಕೊಳ್ಳಲಿಲ್ಲ. ಪೆಲಾಗಿಯಾ ಹಿಂತಿರುಗಿ ನೋಡದೆ, ಬಾಚಣಿಗೆ ಹಿಡಿದ ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದಳು, ಯಾರೋ ಹಿಡಿದುಕೊಳ್ಳಲಿ ಎಂಬಂತೆ.

ಭಾನುವಾರ ಪೂಜೆ ಮುಗಿಸಿ ಬಂದು ಬೀಟ್‌ರೂಟ್ ಸಾರು ಒಲೆಗಿಟ್ಟಿದ್ದರು. ಹನ್ನೊಂದಕ್ಕೆ ಸರಿಯಾಗಿ ಅಂಗಳದಲ್ಲಿ ಕಾರು ನಿಂತಿತು. ಬಂದವಳು ಐವತ್ತೈದರ ಆಸುಪಾಸಿನ ಎತ್ತರದ ಹೆಂಗಸು, ಬೂದು ಕೋಟು, ಕೈಯಲ್ಲಿ ಸೇವಂತಿಗೆ. ಅಂಗಳ, ಕೊಟ್ಟಿಗೆ, ಪಂಪು ಎಲ್ಲವನ್ನೂ ಒಂದು ಸುತ್ತು ನೋಡಿ, ಯಾರನ್ನೂ ದಾರಿ ಕೇಳದೆ ನೇರ ಬಂದು ಅಡುಗೆಕೋಣೆಯ ಬಾಗಿಲು ತಟ್ಟಿದಳು. ತನ್ನ ಮನೆಯ ಬಾಗಿಲನ್ನೇ. ಒಳಗಿದ್ದ ಪೆಲಾಗಿಯಾ ಎದ್ದು ನಿಂತವಳು, "ಬಾ" ಅನ್ನಲಾಗದೆ ಬಾಯಿ ಮೇಲೆ ಸೆರಗಿನಂತೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ಬಾಗಿಲು ತೆರೆದವಳು ರೆಗಿನಾ.

ಇಂಗೆಬೋರ್ಗ್ ಒಳಗೆ ಬಂದು ಚೌಕಟ್ಟಿನ ಗೆರೆಗಳ ಮೇಲೆ ಬೆರಳಾಡಿಸಿದಳು. ಕಣ್ಣೀರು ಇಳಿಯಿತು, ಹೀಗೆ ಅತ್ತೇನು ಅಂತ ಅವಳೂ ಎಣಿಸಿರಲಿಕ್ಕಿಲ್ಲ. ಕೂರಿಸಿ ಸಾರು ಬಡಿಸಿದರು, ಗಸಗಸೆ ಕೇಕು ಇಟ್ಟರು. ಎರಡು ಚಮಚ ಕುಡಿದಿರಬೇಕು, ತಲೆಯೆತ್ತಿ ಮಾಡಿನ ಕಡೆ ನೋಡಿ ಇಂಗ್ಲಿಷಿನಲ್ಲಿ ಕೇಳಿದಳು, "ಮೇಲೆ ಯಾರಿದ್ದಾರೆ?"

"ಯಾರೂ ಇಲ್ಲ" ಅಂದಳು ರೆಗಿನಾ.

"ಮಗು ಇಳಿದ ಸದ್ದಾಯಿತಲ್ಲ?"

ಪೆಲಾಗಿಯಾಳಿಗೆ ಯಾರೂ ಭಾಷಾಂತರ ಮಾಡಿ ಹೇಳಬೇಕಾಗಲಿಲ್ಲ. ಅವಳೂ ಇಂಗೆಬೋರ್ಗಳೂ ಮೆಟ್ಟಿಲ ಮೂಲೆಯತ್ತಲೇ ನೋಡಿದರು. ರೆಗಿನಾ ಸೌಟು ಕೆಳಗಿಟ್ಟಳು. ಇನ್ನು ಇವಳಿಗೆ ಮೈದಾನ ತೋರಿಸಿ ಕಳಿಸುವುದು ತನ್ನಿಂದಾಗದು ಅಂತ ಅವಳಿಗೆ ಆಗಲೇ ಗೊತ್ತಾಗಿಹೋಯಿತು.

ಅವಳು ಹೇಳಲು ಶುರು ಮಾಡಿದಳು. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದರೆ ಸುತ್ತಿ ಬಳಸಿ ಹೇಳುತ್ತಿದ್ದಳೋ ಏನೋ. ಹಾಗಿರಬಹುದಿತ್ತು, ಹೀಗಾಗಬಾರದಿತ್ತು, ಕಾಲ ಹಾಗಿತ್ತು, ನಮ್ಮ ತಪ್ಪಲ್ಲ ಎನ್ನುವ ಪಾಠಗಳೆಲ್ಲ ಪುಸ್ತಕದಲ್ಲಿ ಇನ್ನೂ ಮುಂದಿದ್ದವು. ಅವಳ ಬಾಯಿಗೆ ಬಂದದ್ದು ಆ ವಾರದ ಪಾಠವಷ್ಟೆ. "ನಿಮ್ಮ ತಂಗಿಯ ಸಮಾಧಿ ಈಗ ಮಕ್ಕಳ ಮೈದಾನ. ನಿಮ್ಮ ತಂಗಿ ಅಲ್ಲಿಲ್ಲ. ನಿಮ್ಮ ತಂಗಿ ನನ್ನ ತಂದೆಯ ಸಮಾಧಿಯಲ್ಲಿ. ಕಲ್ಲು ನಿಮ್ಮ ಅಜ್ಜನದು. ಮುಂದೆ ನನ್ನ ತಂದೆಯ ಹೆಸರು. ಹಿಂದೆ ಅವಳ ಹೆಸರು." ಪುಟ್ಟ ಪುಟ್ಟ ವಾಕ್ಯ, ಒಂದರಲ್ಲೂ ಅಡಗಿಕೊಳ್ಳಲು ಜಾಗವಿರಲಿಲ್ಲ.

ಇಂಗೆಬೋರ್ಗ್ ಚಮಚ ಕೆಳಗಿಟ್ಟಳು. "ತೋರಿಸಿ" ಅಂದಳು.

ದಾರಿಯಲ್ಲಿ ರೆಗಿನಾ ಚೆಸ್ವಾವನ ಮನೆಗೆ ಹೋಗಿ ಹಾರೆಕೋಲು ತರಲು ಹೇಳಿದಳು. ಬಾಗಿಲಲ್ಲೇ ನಿಂತು ಅವನು ಬೇಡ ಬೇಡ ಅಂದ. "ಟೀಚರಮ್ಮ, ನಿಮ್ಗೆ ಗೊತ್ತಿಲ್ಲ. ಒಂದು ಕಲ್ಲು ಅಲ್ಲಾಡಿದ್ರೆ ಊರಲ್ಲಿ ಎಲ್ಲಾ ಕಲ್ಲೂ ಅಲ್ಲಾಡ್ತವೆ. ನಮ್ಮಮ್ಮನ ಕಲ್ಲಿನ ಹಿಂದೆ ಯಾರಿದಾರೋ ನಾನು ಇವತ್ತಿನವರೆಗೂ ನೋಡಿಲ್ಲ." ಅವನ ಮಾತಿನಲ್ಲಿ ತಮಾಷೆ ಒಂದು ಕಾಳೂ ಇರಲಿಲ್ಲ. ಆದರೂ ಹಾರೆ ತಂದ.

ಸಂತರ ಹಬ್ಬಕ್ಕೆ ಎರಡು ವಾರ ಇತ್ತು. ಸ್ಮಶಾನದ ತುಂಬ ಜನ ಬಕೆಟ್ಟು ಬ್ರಷ್ಷು ಹಿಡಿದು ತಮ್ಮವರ ಕಲ್ಲು ಉಜ್ಜುತ್ತಿದ್ದರು. ಇವರು ನಾಲ್ವರು ಗೋಡೆಯ ಕಡೆ ನಡೆದಾಗ ಒಬ್ಬೊಬ್ಬರ ಬ್ರಷ್ಷೂ ನಿಂತಿತು. ಸಬಿನಾ ಶಿಲುಬೆಯ ಗುರುತು ಮಾಡಿಕೊಂಡಳು. ಚೆಸ್ವಾವ್ ತಳಕ್ಕೆ ಹಾರೆ ಕೊಟ್ಟು ಮೀಟಿದ. ಹದಿನೆಂಟು ವರ್ಷದ ಪಾಚಿ ಕಿತ್ತು, ಕಲ್ಲು ಪೀಠದ ಮೇಲೆ ಉಜ್ಜುತ್ತ ಒಂದು ಪಕ್ಕ ಮುಂದಕ್ಕೆ ಬಂತು. ಸಂದಿಯಲ್ಲಿ ತಲೆ ತೂರಿಸುವಷ್ಟು ಜಾಗವಾಯಿತು.

ಇಂಗೆಬೋರ್ಗ್ ಮೊಣಕಾಲೂರಿ ಕೈ ಹಾಕಿದಳು. ಕಣ್ಣಿಗೆ ಕಾಣುವ ಮುಂಚೆ ಬೆರಳು ಓದಿತು. ಗಿಸೆಲಾ. ಕೆಳಗೆ ಎರಡು ವರ್ಷಗಳು. ಅಜ್ಜನ ಉಳಿ ಎಷ್ಟು ಆಳ ಇಳಿದಿತ್ತೆಂದರೆ ಅಕ್ಷರದೊಳಗೆ ಬೆರಳ ತುದಿ ಮುಳುಗುತ್ತಿತ್ತು. ಮಣ್ಣಿಲ್ಲ, ಪಾಚಿಯಿಲ್ಲ. ಉದ್ದ ಕೋಲಿನ ಬ್ರಷ್ಷು ಅಷ್ಟು ವರ್ಷ ಸುಮ್ಮನೆ ಆಡಿರಲಿಲ್ಲ.

ಅವಳು ಅಲ್ಲೇ ಕೂತು ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು ಪೆಲಾಗಿಯಾಳ ಕೆನ್ನೆಗೆ ಮುತ್ತಿಟ್ಟು, ರೆಗಿನಾಳ ಕಡೆ ತಿರುಗಿ ಮೆಲ್ಲಗೆ ಹೇಳಿದಳು. ಕಾಗದಪತ್ರ ತಾನು ಮಾಡಿಸುತ್ತೇನೆ, ಖರ್ಚು ತನ್ನದು, ಚಳಿ ಹೆಚ್ಚುವ ಮುಂಚೆ ಬಂದು ತಂಗಿಯನ್ನು ಕರೆದೊಯ್ಯುತ್ತೇನೆ, ತಾಯಿಯ ಪಕ್ಕ ಜಾಗ ಇಟ್ಟಿದ್ದೇನೆ. ರೆಗಿನಾ ಅಮ್ಮನಿಗೆ ಅದನ್ನು ಹೇಳಿದಳು.

ಪೆಲಾಗಿಯಾ ಕಲ್ಲಿಗೆ ಕೈಯೂರಿ ನಿಂತಿದ್ದಳು.

"ಕರ್ಕೊಂಡು ಹೋಗು ಅನ್ನು. ಅವಳ ತಂಗಿ, ಬೇಡ ಅನ್ನೋಕೆ ನಾನ್ಯಾರು? ಒಂದು ಮಾತು ಮಾತ್ರ ಕೇಳು ಅವಳನ್ನ. ಅವಳು ಬಂದು ನನ್ನನ್ನ ಕೇಳಿದ್ಳು, ನನ್ನ ತಂಗಿ ಎಲ್ಲಿ ಅಂತ. ನಾನು ತೋರ್ಸಿದೆ. ನಾನ್ ಹೋಗಿ ಯಾರನ್ನ ಕೇಳ್ಲಿ?"

"ಏನಂತ ಕೇಳೋದಮ್ಮ?"

"ಕಾಜಿಕ್ ಎಲ್ಲಿ ಅಂತ."

ರೆಗಿನಾ ಆ ಹೆಸರನ್ನು ಹಿಂದೆಂದೂ ಕೇಳಿರಲಿಲ್ಲ. "ಯಾರಮ್ಮ ಕಾಜಿಕ್?"

"ಹೇಳು ಅವಳಿಗೆ" ಅಂದಳು ಪೆಲಾಗಿಯಾ, ಮಗಳ ಮುಖ ನೋಡದೆ. "ಎರಡು ವರ್ಷದೋನು. ದನದ ಬೋಗೀಲಿ ಬರ್ತಾ ಇದ್ವಿ, ಮೂರು ವಾರ. ದಾರೀಲಿ ಹೋದ. ರೈಲು ಎಲ್ಲೋ ನಿಲ್ತು. ಸ್ಟೇಷನ್ ಅಲ್ಲ, ಬೋರ್ಡಿಲ್ಲ, ಒಂದು ಕಂಬ ಇತ್ತು ಅಷ್ಟೆ. ನಿಮ್ಮಪ್ಪ ತಟ್ಟೇಲಿ ಮಣ್ಣು ತೋಡ್ದ. ಮುಗಿಯೋಕೆ ಮುಂಚೆ ರೈಲು ಕೂಗ್ತು. ಪೂರ್ತಿ ಮುಚ್ಚಲೂ ಇಲ್ಲ ಕಣೇ. ಓಡಿ ಹತ್ಕೊಂಡ್ವಿ. ಆ ಜಾಗ ಯಾವ ದೇಶದಲ್ಲಿದೆಯೋ ನಂಗೆ ಗೊತ್ತಿಲ್ಲ. ಯಾವ ಹೆಂಗಸಿನ ಹತ್ರ ಹೋಗಿ ನನ್ನ ಮಗೂನ ನೋಡ್ಕೋ ಅಂತ ಕೈ ಹಿಡೀಲಿ? ಅದಕ್ಕೇ ಇವಳನ್ನ ನೋಡ್ಕೊಂಡೆ. ಇವಳನ್ನ ಚೆನ್ನಾಗಿ ನೋಡ್ಕೊಂಡ್ರೆ ಅಲ್ಲಿ ಯಾವಳೋ ಒಬ್ಬಳು ಅವನನ್ನ ನೋಡ್ಕೋತಾಳೆ ಅಂತ. ಹೇಳು."

ರೆಗಿನಾ ಬಾಯಿ ತೆರೆದಳು. ನನ್ನ ತಾಯಿಯ ಮಗ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ ನಿಂತುಬಿಟ್ಟಳು. ನಲವತ್ತನಾಲ್ಕು ವರ್ಷ ಒಬ್ಬಳೇ ಮಗಳಾಗಿ ಬೆಳೆದವಳು, ತನ್ನ ಭಾಷೆಯಲ್ಲಿ ಒಂದು ಸಲವೂ ಆಡದ ಮಾತನ್ನು ಪರಭಾಷೆಯಲ್ಲಿ, ಪರದೇಶದ ಹೆಂಗಸಿನ ಮುಂದೆ ಮೊದಲ ಸಲ ಆಡಬೇಕಾಗಿತ್ತು. "ನನ್ನ ಅಣ್ಣ" ಅಂದಳು. "ನನ್ನ ಅಣ್ಣನಿಗೆ ಸಮಾಧಿ ಇಲ್ಲ." ಮುಂದಿನದು ಅಳುವಿನಲ್ಲಿ ಹೋಯಿತು, ಆದರೂ ಬಿಡದೆ ಕೊನೆಯವರೆಗೂ ಹೇಳಿದಳು, ತಟ್ಟೆಯ ಮಾತನ್ನೂ ರೈಲಿನ ಕೂಗನ್ನೂ.

ಇಂಗೆಬೋರ್ಗ್ ಕೇಳಿಸಿಕೊಂಡು, ಮತ್ತೆ ಮೊಣಕಾಲೂರಿದಳು. ಗಿಸೆಲಾಳ ವರ್ಷಗಳ ಕೆಳಗೆ ಕಲ್ಲು ಬರಿದಾಗಿತ್ತು. ಅಲ್ಲಿ ಅಂಗೈ ಅಗಲವಾಗಿ ಇಟ್ಟು ಅಳೆದು, ಮೇಲಕ್ಕೆ ನೋಡಿ ಕೇಳಿದಳು, "ಅವನ ಹೆಸರು ಹೇಗೆ ಬರೆಯುತ್ತಾರೆ?" ಆಮೇಲೆ ಅಂದಳು, "ಇವಳು ಇಲ್ಲೇ ಇರಲಿ. ನಮ್ಮಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ."

ರೆಗಿನಾ ಅದನ್ನು ಹೇಳಿದಾಗ ಪೆಲಾಗಿಯಾ ಮೊದಲು ನಂಬಲಿಲ್ಲ, ಇನ್ನೊಂದು ಸಲ ಹೇಳಿಸಿಕೊಂಡಳು. ಸುತ್ತ ಬ್ರಷ್ಷು ಹಿಡಿದವರೆಲ್ಲ ಹತ್ತಿರ ಬಂದು ನಿಂತಿದ್ದರು. ಚೆಸ್ವಾವ್ ಹಾರೆಯ ಮೇಲೆ ಭಾರ ಬಿಟ್ಟು ಗಂಟಲು ಸರಿಮಾಡಿಕೊಂಡ.

"ಪೆಲಾಗಿಯಮ್ಮ, ಮಕ್ಕಳ ಹೆಸರು ಹೊರಗೆ ಬರ್ಬೇಕಾದ್ರೆ ಫ್ಲೋರಿಯಾನಣ್ಣನ ಹೆಸರು ಗೋಡೆಗೆ ಹೋಗತ್ತೆ. ನಿಮ್ಮದೂ ಹೋಗತ್ತೆ. ಹಬ್ಬಕ್ಕೆ ಬಂದೋರಿಗೆ ನೀವಿಬ್ರೂ ಇಲ್ಲಿದೀರಾ ಅಂತಾನೇ ಗೊತ್ತಾಗಲ್ಲ."

"ಹೋಗ್ಲಿ ಬಿಡೋ" ಅಂದಳು ಪೆಲಾಗಿಯಾ, ಮೂಗೊರೆಸಿಕೊಂಡು. "ಅರ್ಧ ಊರನ್ನ ಗೋಡೆ ಕಡೆ ತಿರುಗಿಸಿದೋನು ಅವನು. ಒಂದಿನ ತಾನೂ ತಿರುಗ್ಲಿ. ತಿರ್ಗಿಸು."

ನಾಲ್ವರೂ ಕಲ್ಲಿಗೆ ಕೈ ಹಾಕಿದರು. ಕಲ್ಲು ಭಾರವಿತ್ತು, ಸಬಿನಾ ಬಕೆಟ್ಟು ಕೆಳಗಿಟ್ಟು ಬಂದಳು.